ಕಾಲಿಗೆ ಬಾವು, ಎದೆಗೆ ದಮ್ಮು



ಮನೆಯ ಯಜಮಾನರಿಗೆ ಎರಡು ದಿನ ಕೆಮ್ಮು ಬಂದರೆ ಮೂರನೆಯ ದಿನ ನಾವೇ ಹಟ ಮಾಡಿ ಡಾಕ್ಟರ ಹತ್ತಿರ ಕಳಿಸುತ್ತೇವೆ. ಮಕ್ಕಳ ಮೈ ಬೆಚ್ಚಗಾದರೆ ರಾತ್ರಿಯೆಲ್ಲ ಕೂತು ಕಾಯುತ್ತೇವೆ. ಅದೇ ನಮಗೆ ಒಂದು ಕೊಡ ನೀರು ಹೊತ್ತು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ದಮ್ಮು ಹತ್ತಿದರೆ? "ತೂಕ ಹೆಚ್ಚಾಗೇತಿ, ಅದಕ್ಕ" ಎಂದು ನಕ್ಕುಬಿಡುತ್ತೇವೆ. ಸಂಜೆಗೆ ಕಾಲು ಬಾತರೆ "ದಿನಾ ನಿಂತು ಕೆಲಸ ಮಾಡೋದು, ಇದ್ದದ್ದ" ಎನ್ನುತ್ತೇವೆ. ಕಾಲುಂಗುರ ಬಿಗಿಯಾದರೆ ಸಾಬೂನು ಹಚ್ಚಿ ತೆಗೆದಿಟ್ಟು ಮರೆಯುತ್ತೇವೆ.

ಈ ದಮ್ಮಿಗೂ ಬಾವಿಗೂ ಒಂದು ನಂಟಿದೆ. ಎದೆಯೊಳಗಿನ ಒಂದು ಪುಟ್ಟ ಕದಕ್ಕೂ ಶ್ವಾಸಕೋಶದ ರಕ್ತದ ಒತ್ತಡಕ್ಕೂ ಇರುವ ನಂಟು ಅದು. ನಾನೇನೂ ಡಾಕ್ಟರಲ್ಲ. ಹಾನಗಲ್ಲಿನಲ್ಲಿ ಮನೆವಾರ್ತೆ ನೋಡಿಕೊಂಡಿರುವವಳು. ಆದರೆ ಹಿರೇಕೆರೂರಿಗೆ ಕೊಟ್ಟ ನನ್ನ ಅಕ್ಕ, ಸವಣೂರಿನ ದೊಡ್ಡವ್ವ, ಶಿಗ್ಗಾಂವಿಯಲ್ಲಿರುವ ತಂಗಿಯ ಮಗಳು, ಈ ಮೂವರ ಸಲುವಾಗಿ ಹುಬ್ಬಳ್ಳಿ, ಬೆಂಗಳೂರಿನ ಆಸ್ಪತ್ರೆಗಳ ಬೆಂಚಿನ ಮೇಲೆ ಕೂತು ಕೇಳಿ ತಿಳಿದದ್ದು ಬಹಳ. ತಿಳಿದದ್ದನ್ನು ನನ್ನಲ್ಲೇ ಇಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

ಬಿ.ಪಿ. ನಾರ್ಮಲ್ ಇತ್ತಲ್ಲ!

ಮೊದಲು ಅಕ್ಕನ ವಿಷಯ. ಅವಳದು ದೊಡ್ಡ ಹೊಲಮನೆ. ಗೋವಿನಜೋಳ, ಹತ್ತಿ, ಎರಡು ಎಮ್ಮೆ, ಆಳುಮಕ್ಕಳ ಬುತ್ತಿ. ನಲವತ್ತು ದಾಟಿದ ಮೇಲೆ ಅವಳಿಗೆ ಹೊಲದ ಬದುವಿನ ಮೇಲೆ ನಡೆಯುವಾಗ ತೇಕು ಹತ್ತತೊಡಗಿತು. ಆಮೇಲೆ ರಾತ್ರಿ ಒಂದು ದಿಂಬು ಸಾಲದೆ ಎರಡು ಇಟ್ಟುಕೊಂಡು ಮಲಗುವುದು. ಆಮೇಲೆ ಕಾಲಿನ ಬಾವು. ಬೆರಳಿನಿಂದ ಒತ್ತಿದರೆ ಕಣಕದ ಹಿಟ್ಟಿನಲ್ಲಿ ಬಿದ್ದ ಹಾಗೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಎರಡು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿ ಬಲಗಡೆ ಪಕ್ಕೆಯ ಕೆಳಗೆ ಭಾರ.

ಆಗ ತೋರಿಸುತ್ತಿದ್ದ ಡಾಕ್ಟರರು ತೋಳಿಗೆ ಪಟ್ಟಿ ಕಟ್ಟಿ ನೋಡಿ, "ಬಿ.ಪಿ. ನಾರ್ಮಲ್ ಐತಿ, ರಕ್ತ ಕಡಿಮಿ ಐತಿ, ಗ್ಯಾಸ್ ಐತಿ" ಎಂದು ಎರಡು ವರ್ಷ ಮಾತ್ರೆ ಕೊಟ್ಟರು. ಬಿ.ಪಿ. ನಾರ್ಮಲ್ ಎಂದ ಮೇಲೆ ಎದೆಯ ಚಿಂತೆ ಯಾರು ಮಾಡುತ್ತಾರೆ? ಭಾವನೂ ನಿಶ್ಚಿಂತರಾದರು, ಅಕ್ಕನೂ ನಿಶ್ಚಿಂತಳಾದಳು.

2009ರ ಶ್ರಾವಣದಲ್ಲಿ ನಮ್ಮ ಮನೆಗೆ ಬಂದಿದ್ದಳು. ನಡುರಾತ್ರಿ ಎದ್ದು ಕಿಟಕಿಯ ಸರಳು ಹಿಡಿದು ನಿಂತಿದ್ದಾಳೆ. "ಮಲಗಿದರ ಯಾರೋ ಎದಿ ಮ್ಯಾಲೆ ಕುಂತಂಗ ಆಕ್ಕೈತಿ ತಂಗಿ, ನಿಂತರ ಆರಾಮ" ಎಂದಳು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹುಬ್ಬಳ್ಳಿಗೆ ಹೊರಟೆವು. ಅಲ್ಲಿ ವಯಸ್ಸಾದ ಡಾಕ್ಟರೊಬ್ಬರು ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಕುತ್ತಿಗೆಯ ನರ ಉಬ್ಬಿ ಬಡಿಯುವುದನ್ನು ನೋಡಿದರು. ಎಕೋ ಮಾಡಿಸಿದರು. ಆಮೇಲೆ ಫೈಲಿನ ಬೆನ್ನಿನ ಮೇಲೆ ಪೆನ್ಸಿಲಿನಿಂದ ಒಂದು ಚೌಕ ಬರೆದು ಅದನ್ನು ನಾಲ್ಕು ಭಾಗ ಮಾಡಿದರು. ಅವರು ಅಂದು ತಿಳಿಸಿ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾಲ್ಕು ಕೋಣೆಯ ಮನೆ

ಹೃದಯವೆಂದರೆ ನಾಲ್ಕು ಕೋಣೆಯ ಮನೆ. ಮೇಲೆ ಎರಡು, ಕೆಳಗೆ ಎರಡು. ಬಲಗಡೆಯ ಎರಡು ಕೋಣೆಗೂ ಎಡಗಡೆಯ ಎರಡು ಕೋಣೆಗೂ ನಡುವೆ ಗೋಡೆ. ಕನ್ನಡದಲ್ಲಿ 'ಕವಾಟ' ಎನ್ನುತ್ತಾರಲ್ಲ, ಆ ಮಾತಿನ ಅರ್ಥವೇ ಬಾಗಿಲು. ಅಂಥ ಬಾಗಿಲು ನಾಲ್ಕು. ಎಲ್ಲವೂ ಒಂದೇ ಕಡೆಗೆ ತೆರೆಯುವಂಥವು. ರಕ್ತ ಮುಂದೆ ಹೋಗಲು ತೆರೆಯುತ್ತವೆ, ಹಿಂದೆ ಬಾರದಂತೆ ಮುಚ್ಚುತ್ತವೆ. ಸುಮ್ಮನೆ ಕೂತಿದ್ದರೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಈ ಬಾಗಿಲುಗಳನ್ನು ದಾಟುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುವ ಕದಗಳು ಇವು. ನಮ್ಮ ಮನೆಯ ಯಾವ ಬಾಗಿಲು ಇಷ್ಟು ತಾಳೀತು ಹೇಳಿ!

ಮೈಯೆಲ್ಲ ಸುತ್ತಿ ಬಂದ ರಕ್ತ ಬಲಗಡೆಯ ಮೇಲಿನ ಕೋಣೆಗೆ ಬಂದು, ಮೂರು ಎಸಳಿನ ಕದ ದಾಟಿ ಕೆಳಗಿನ ಕೋಣೆಗೆ ಇಳಿದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಗಾಳಿ ಕುಡಿದು ಎಡಗಡೆಯ ಮೇಲಿನ ಕೋಣೆಗೆ ಬಂದು, ಎರಡು ಎಸಳಿನ ಮೈಟ್ರಲ್ ಕದ ದಾಟಿ ಎಡಗಡೆಯ ಕೆಳಕೋಣೆಗೆ ಬರುತ್ತದೆ. ಆ ಕೋಣೆ ಅದನ್ನು ಮತ್ತೆ ಮೈಗೆಲ್ಲ ತಳ್ಳುತ್ತದೆ. ಎಡಗಡೆಯದು ದೂರದ ಕೆಲಸ, ನೆತ್ತಿಯಿಂದ ಉಂಗುಷ್ಟದವರೆಗೆ ತಳ್ಳಬೇಕು. ಹಾಗಾಗಿ ಅದರ ಗೋಡೆ ಬಲಗಡೆಗಿಂತ ಸುಮಾರು ಮೂರು ಪಟ್ಟು ದಪ್ಪ. ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ಮಾತ್ರ ಕಳಿಸಬೇಕು. ಅದಕ್ಕೆ ತೆಳು ಗೋಡೆ ಸಾಕು.

ಈಗ ಬಿ.ಪಿ.ಯ ಗುಟ್ಟು ಕೇಳಿ. ತೋಳಿಗೆ ಪಟ್ಟಿ ಕಟ್ಟಿ ನೋಡುವ 120/80 ಎಂಬುದು ಎಡಗಡೆಯ ಕೋಣೆ ಮೈಗೆ ತಳ್ಳುವ ರಕ್ತದ ಒತ್ತಡ. ಶ್ವಾಸಕೋಶದ ನಾಳಗಳಲ್ಲಿ ಇರುವುದೇ ಬೇರೆ ಒತ್ತಡ. ಅದು ಸುಮಾರು 25/10, ಸರಾಸರಿ 14ರ ಹತ್ತಿರ. ಈ ಸರಾಸರಿ 20ಕ್ಕಿಂತ ಮೇಲೆ ಹೋದರೆ ಅದನ್ನು ಪಲ್ಮನರಿ ಹೈಪರ್‌ಟೆನ್ಷನ್ ಎನ್ನುತ್ತಾರೆ. ಹಿಂದೆ 25 ಎಂದು ಗೆರೆ ಎಳೆದಿದ್ದರು. 2018ರಲ್ಲಿ ತಜ್ಞರು ಅದನ್ನು 20ಕ್ಕೆ ಇಳಿಸಲು ಹೇಳಿದರು, 2022ರ ಯುರೋಪಿನ ಮಾರ್ಗಸೂಚಿಯೂ ಅದನ್ನೇ ಒಪ್ಪಿತು. ತೋಳಿನ ಪಟ್ಟಿಗೆ ಈ ಒತ್ತಡ ಸಿಕ್ಕುವುದೇ ಇಲ್ಲ! ಬೀದಿಯ ನಳದಲ್ಲಿ ನೀರು ಸರಿಯಾಗಿ ಬರುತ್ತಿದೆ ಎಂದ ಮಾತ್ರಕ್ಕೆ ಹಿತ್ತಲ ಗಟಾರ ಕಟ್ಟಿಲ್ಲ ಎಂದು ಹೇಳಲಾದೀತೆ? ಅಕ್ಕನ ಬಿ.ಪಿ. ನಾರ್ಮಲ್ ಇದ್ದದ್ದೂ ನಿಜ, ಅವಳ ಶ್ವಾಸಕೋಶದಲ್ಲಿ ಒತ್ತಡ ಏರಿದ್ದೂ ನಿಜ.

ಮುಂಬಾಗಿಲು ಸೋರಿದರೆ ಹಿತ್ತಲವರೆಗೂ ನೀರು

ಅಕ್ಕನಿಗೆ ಕೆಟ್ಟದ್ದು ಎಡಗಡೆಯ ಮೈಟ್ರಲ್ ಕದ. ಎಸಳುಗಳು ದಪ್ಪವಾಗಿ, ಸುಕ್ಕಾಗಿ, ಒಂದಕ್ಕೊಂದು ಸರಿಯಾಗಿ ಕೂಡುತ್ತಿರಲಿಲ್ಲ. ಕೆಳಕೋಣೆ ಹಿಂಡಿದಾಗಲೆಲ್ಲ ಒಂದು ಪಾಲು ರಕ್ತ ಮುಂದೆ ಹೋಗದೆ ಹಿಂದಕ್ಕೇ ಚಿಮ್ಮುತ್ತಿತ್ತು. ಇದಕ್ಕೆ ರಿಗರ್ಜಿಟೇಶನ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಸೋರಿಕೆ. ಹಿಂದೆ ಬಂದ ರಕ್ತ ಮೇಲಿನ ಕೋಣೆಯಲ್ಲಿ ತುಂಬಿತು. ಕೋಣೆ ಹಿಗ್ಗಿತು. ಅಲ್ಲಿಯೂ ಹಿಡಿಸದೆ ಒತ್ತಡ ಹಿಂದಕ್ಕೆ, ಶ್ವಾಸಕೋಶದ ನಾಳಗಳಿಗೆ ಏರಿತು. ಮಲಗಿದಾಗ ದಮ್ಮು ಹತ್ತುವುದು ಇದರಿಂದಲೇ. ಮಲಗಿದರೆ ಕಾಲಿನ ಕಡೆಯ ರಕ್ತವೂ ಎದೆಗೆ ಬಂದು ಸೇರುತ್ತದಲ್ಲ!

ವರ್ಷಗಟ್ಟಲೆ ಹೀಗಾದರೆ ಶ್ವಾಸಕೋಶದ ನಾಳಗಳು ಬಿಗಿದುಕೊಂಡು ಗೋಡೆ ದಪ್ಪ ಮಾಡಿಕೊಳ್ಳುತ್ತವೆ. ಈಗ ಬಲಗಡೆಯ ತೆಳುಗೋಡೆಯ ಕೋಣೆಯ ಪಾಡು ನೋಡಿ. 25ರ ಒತ್ತಡಕ್ಕೆಂದು ಹುಟ್ಟಿದ ಕೋಣೆ 60, 70ರ ಎದುರು ತಳ್ಳಬೇಕು. ಕೆಲವು ದಿನ ಹೇಗೋ ತಳ್ಳುತ್ತದೆ, ಆಮೇಲೆ ಸೋತು ಹಿಗ್ಗುತ್ತದೆ. ಕೋಣೆ ಹಿಗ್ಗಿದರೆ ಬಾಗಿಲ ಚೌಕಟ್ಟೂ ಅಗಲವಾಗುತ್ತದೆ. ಮೂರು ಎಸಳಿನ ಆ ಕದ, ಟ್ರೈಕಸ್ಪಿಡ್ ಎನ್ನುತ್ತಾರೆ, ಅದರ ಎಸಳುಗಳು ನೆಟ್ಟಗೇ ಇವೆ. ಆದರೆ ಚೌಕಟ್ಟು ಅಗಲವಾದ್ದರಿಂದ ಒಂದಕ್ಕೊಂದು ಎಟುಕುವುದಿಲ್ಲ. ಅಲ್ಲಿಯೂ ಸೋರಿಕೆ ಶುರು. ಸೋರಿದಷ್ಟೂ ಕೋಣೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ಸೋರಿಕೆ ಹೆಚ್ಚುತ್ತದೆ. ಆ ರಕ್ತದ ಒತ್ತಡ ಕುತ್ತಿಗೆಯ ನರಕ್ಕೆ, ಪಿತ್ತಜನಕಾಂಗಕ್ಕೆ, ಕೊನೆಗೆ ಕಾಲಿಗೆ ಇಳಿಯುತ್ತದೆ. ಇದೇ ಅಕ್ಕನ ಕಾಲುಂಗುರ ಬಿಗಿಯಾದ ಕಥೆ.

ಹೀಗೆ ನಂಟು ಎರಡು ಕಡೆಯದು. ಎಡಗಡೆಯ ಕದದ ಸೋರಿಕೆ ಶ್ವಾಸಕೋಶದ ಒತ್ತಡವನ್ನು ಹುಟ್ಟಿಸುತ್ತದೆ. ಆ ಒತ್ತಡ ಬಲಗಡೆಯ ಕದದ ಸೋರಿಕೆಯನ್ನು ಹುಟ್ಟಿಸುತ್ತದೆ. ಮೊದಲನೆಯದು ತಾಯಿ, ಕೊನೆಯದು ಮೊಮ್ಮಗಳು.

ಸೋರಿಕೆಯೇ ಅಳತೆಗೋಲು

ತೋಳಿನ ಪಟ್ಟಿಗೆ ಸಿಗದ ಒತ್ತಡವನ್ನು ಎಕೋದಲ್ಲಿ ಹೇಗೆ ಅಳೆದರು ಎಂದು ನನಗೆ ಬಹಳ ಕುತೂಹಲವಾಗಿತ್ತು. ಡಾಕ್ಟರರು ಹೇಳಿದ ಉತ್ತರ ಕೇಳಿ ಬೆರಗಾದೆ. ಬಲಗಡೆಯ ಆ ಸೋರಿಕೆಯೇ ಅಳತೆಗೋಲಂತೆ! ನಳದ ಬಾಯಿಗೆ ಬೆರಳು ಇಟ್ಟಾಗ ಸಂದಿಯಿಂದ ನೀರು ಎಷ್ಟು ಜೋರಾಗಿ ಚಿಮ್ಮುತ್ತದೋ ಅದರಿಂದ ಒಳಗಿನ ಒತ್ತಡ ತಿಳಿಯುತ್ತದಲ್ಲವೆ? ಹಾಗೆಯೇ ಸೋರುವ ರಕ್ತದ ವೇಗವನ್ನು ಯಂತ್ರ ಅಳೆಯುತ್ತದೆ. ಆ ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ 4ರಿಂದ ಗುಣಿಸಿ, ಮೇಲಿನ ಕೋಣೆಯ ಒತ್ತಡ ಕೂಡಿಸಬೇಕು. ಅಕ್ಕನಿಗೆ ವೇಗ ಸೆಕೆಂಡಿಗೆ 4 ಮೀಟರ್ ಇತ್ತು. ನಾಲ್ಕು ನಾಲ್ಕಲೆ 16, ಹದಿನಾರು ನಾಲ್ಕಲೆ 64. ಮೇಲಿನ ಕೋಣೆಯದು 10 ಸೇರಿ 74. ಇರಬೇಕಾದದ್ದು 25ರ ಹತ್ತಿರ.

ಇದು ಅಂದಾಜಿನ ಲೆಕ್ಕ. ಖಚಿತವಾಗಿ ತಿಳಿಯಬೇಕಾದರೆ ತೊಡೆಯ ಅಥವಾ ಕುತ್ತಿಗೆಯ ನಾಳದಿಂದ ಸಣ್ಣ ಕೊಳವೆ ಹಾಯಿಸಿ ಅಳೆಯುತ್ತಾರೆ. ಎಕೋ ಚೀಟಿಯಲ್ಲಿ "ಟ್ರಿವಿಯಲ್ ಟಿ.ಆರ್." ಎಂದೋ "ಮೈಲ್ಡ್ ಟಿ.ಆರ್." ಎಂದೋ ಬರೆದಿದ್ದನ್ನು ನೋಡಿ ಕೆಲವರು ಅಂಜಿ ಊಟ ಬಿಡುತ್ತಾರೆ. ಅಷ್ಟು ಸಣ್ಣ ಸೋರಿಕೆ ಗಟ್ಟಿಮುಟ್ಟಾದ ಎಷ್ಟೋ ಜನರಲ್ಲಿ ಇರುತ್ತದೆ. ಸೋರಿಕೆ ಎಷ್ಟು, ಒತ್ತಡ ಎಷ್ಟು, ಕೋಣೆ ಹಿಗ್ಗಿದೆಯೆ, ಈ ಮೂರನ್ನೂ ಡಾಕ್ಟರರನ್ನು ಕೇಳಿ ತಿಳಿಯಿರಿ. ಚೀಟಿ ಓದಿ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ.

ಮದುವೆಯ ರೊಕ್ಕ

ಕದ ಬದಲಿಸಬೇಕು ಎಂದರು. ತಡಮಾಡಿದರೆ ಶ್ವಾಸಕೋಶದ ನಾಳಗಳು ಗಟ್ಟಿಯಾಗಿ, ಆಮೇಲೆ ಕದ ಬದಲಿಸಿದರೂ ಒತ್ತಡ ಇಳಿಯಲಿಕ್ಕಿಲ್ಲ ಎಂದೂ ಹೇಳಿದರು. ಅಕ್ಕ ಒಂದೇ ಮಾತಿಗೆ "ನನಗ ಬ್ಯಾಡ" ಎಂದಳು. ಮನೆಯಲ್ಲಿದ್ದದ್ದು ಮಗಳ ಮದುವೆಗೆಂದು ಎತ್ತಿಟ್ಟ ರೊಕ್ಕ. "ಅದನ್ನ ನನ್ನ ಎದಿಗೆ ಸುರುವಿದರ ಹುಡುಗಿ ಗತಿ ಏನು? ಇದ್ದಷ್ಟು ದಿನ ಇರತೇನಿ ಬಿಡ್ರಿ." ಭಾವ ತಲೆ ತಗ್ಗಿಸಿ ಕೂತರು. ಅವರೇನು ಕಲ್ಲೆದೆಯವರಲ್ಲ, ಆದರೆ ಹೆಂಗಸೇ ಬೇಡ ಎಂದಮೇಲೆ ಗಂಡಸರು ಎರಡನೆಯ ಸಲ ಕೇಳುವ ರೂಢಿ ನಮ್ಮ ಮನೆಗಳಲ್ಲಿ ಎಲ್ಲಿದೆ?

ಕೇಳಿದವಳು ಆ ಮಗಳೇ. "ಅವ್ವಾ, ನನ್ನ ಮದುವ್ಯಾಗ ಬಂಗಾರ ಇರದಿದ್ರ ನಡೀತೈತಿ. ನೀ ಇರದಿದ್ರ ಅಕ್ಕಿಕಾಳು ಯಾರು ಹಾಕಬೇಕು?" ಎಂದಳು. ಅಕ್ಕ ಅಂದು ಅತ್ತಷ್ಟು ಅಪ್ಪ ತೀರಿದಾಗಲೂ ಅತ್ತಿರಲಿಲ್ಲ.

ಭಾವ ಸೊಸೈಟಿಯ ಸದಸ್ಯರಾಗಿದ್ದರು. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆಯ ಕಾರ್ಡು ಇತ್ತು. ಒಂದು ಪಾಲು ಭಾರ ಅದು ಹೊತ್ತಿತು. ಉಳಿದದ್ದಕ್ಕೆ ಒಂದು ಎಮ್ಮೆ ಮಾರಿದರು, ನಾವು ಒಡಹುಟ್ಟಿದವರು ಕೈಲಾದಷ್ಟು ಹಾಕಿದೆವು. ಮೊದಲು ಮೈನೀರು ಇಳಿಸುವ ಮಾತ್ರೆ ಕೊಟ್ಟು ಬಾವು ಕಡಿಮೆ ಮಾಡಿ, ಆಮೇಲೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಎಡಗಡೆ ಹೊಸ ಕದ ಕೂಡಿಸಿದರು. ಬಲಗಡೆಯ ಕದ ತೆಗೆಯಲಿಲ್ಲ, ಅಗಲವಾಗಿದ್ದ ಚೌಕಟ್ಟಿಗೆ ಒಂದು ಉಂಗುರ ಹಾಕಿ ಬಿಗಿ ಮಾಡಿದರು. ವರ್ಷದ ಮೇಲೆ ಎಕೋದಲ್ಲಿ 74 ಇದ್ದದ್ದು 41ಕ್ಕೆ ಇಳಿದಿತ್ತು. 25 ಆಗಲಿಲ್ಲ. "ಎರಡು ವರ್ಷ ಮೊದಲ ಬಂದಿದ್ರ ಇನ್ನೂ ಇಳೀತಿತ್ತವಾ" ಎಂದರು ಡಾಕ್ಟರರು. 2012ರಲ್ಲಿ ಮಗಳ ಮದುವೆ ಆಯಿತು, ಅಕ್ಕ ಅಕ್ಕಿಕಾಳು ಹಾಕಿದಳು. ಹೊಲದ ಕೆಲಸ ಆಗುವುದಿಲ್ಲ, ಆದರೆ ಇವತ್ತಿಗೂ ದಿನಾ ಸಂಜೆ ದುರ್ಗಾದೇವಿ ಗುಡಿಯವರೆಗೆ ನಡೆದು ಬರುತ್ತಾಳೆ.

ಕೃತಕ ಕದದ ವಿಷಯ ಒಂದು ಮಾತು. ಒಂದು ಕಾಲದಲ್ಲಿ ಇವೆಲ್ಲ ಪರದೇಶದಿಂದ ಬರುತ್ತಿದ್ದವು, ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ವರ್ಷಾನುವರ್ಷ ದುಡಿದು ನಮ್ಮ ದೇಶದ್ದೇ ಆದ ಕದ ಮಾಡಿತು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಸಲ ರೋಗಿಗೆ ಕೂಡಿಸಿದರು. ಈವರೆಗೆ ಒಂದು ಲಕ್ಷಕ್ಕೂ ಹೆಚ್ಚು ಎದೆಗಳಲ್ಲಿ ಆ ಚಿತ್ರಾ ಕದ ಕೂತಿದೆ. ವಲಿಯತ್ತಾನ್ ಅವರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಗಳಾಗಿ ಬಂದರು. ಅಲ್ಲಿಯೇ ನೆಲೆಸಿ 2024ರಲ್ಲಿ ತೀರಿಕೊಂಡರು. ನಮ್ಮಂಥ ಎಷ್ಟು ಮನೆಗಳ ದೀಪ ಉಳಿಸಿದ ಪುಣ್ಯಾತ್ಮರು!

"ನಾ ಒಲಿ ಸೇದೇನ್ರಿ"

ಇನ್ನು ಸವಣೂರಿನ ದೊಡ್ಡವ್ವ. ಎಲೆಬಳ್ಳಿ ತೋಟದ ಮನೆಯ ಸೊಸೆ. ಹದಿನಾಲ್ಕಕ್ಕೆ ಮದುವೆಯಾಗಿ ಬಂದವಳು ಐವತ್ತು ವರ್ಷ ಒಲೆಯ ಮುಂದೆ ಕೂತಳು. ಬೆಳಗಾದರೆ ಹತ್ತಿಕಟ್ಟಿಗೆ, ಕುಳ್ಳು, ಊದುಗೊಳವಿ. ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಹೊಗೆಗೆ ಅಡುಗೆಮನೆಯಲ್ಲಿ ಮುಖ ಕಾಣುತ್ತಿರಲಿಲ್ಲ, ಬರೀ ಬಳೆಯ ಸದ್ದು ಕೇಳುತ್ತಿತ್ತು. ಅರವತ್ತಕ್ಕೆ ಬಂದಾಗ ಕೆಮ್ಮು, ದಮ್ಮು, ತುಟಿ ನೀಲಿ, ಕಾಲು ಕಂಬದಂತೆ ಬಾತಿತ್ತು.

ಹುಬ್ಬಳ್ಳಿಯ ಡಾಕ್ಟರರು, "ಬೀಡಿ ಸೇದತೀಯೇನವಾ?" ಎಂದು ಕೇಳಿದರು. ದೊಡ್ಡವ್ವ ಅಷ್ಟು ದಮ್ಮಿನಲ್ಲೂ ನಕ್ಕಳು. "ಬೀಡಿ ಸೇದಿಲ್ರಿ ಸಾಹೇಬ್ರ, ನಾ ಒಲಿ ಸೇದೇನ್ರಿ."

ಅವಳಿಗೂ ಬಲಗಡೆಯ ಕದ ಸೋರುತ್ತಿತ್ತು. ಶ್ವಾಸಕೋಶದ ಒತ್ತಡವೂ ಏರಿತ್ತು. ಆದರೆ ಎಡಗಡೆಯ ಕದಗಳು ನೆಟ್ಟಗೇ ಇದ್ದವು! ಹೊಗೆಯಿಂದ ಶ್ವಾಸಕೋಶದ ಗಾಳಿಚೀಲಗಳು ಹಾಳಾಗಿ, ಜೊತೆಗೇ ನವಿರಾದ ರಕ್ತನಾಳಗಳೂ ಹೋಗಿ, ಉಳಿದವು ಗಾಳಿ ಸಾಲದೆ ಬಿಗಿದುಕೊಂಡಿದ್ದವು. ಅವಳಿಗೆ ಆಪರೇಷನ್ ಮಾಡಿ ಏನೂ ಉಪಯೋಗವಿರಲಿಲ್ಲ. ಬಾಗಿಲು ರಿಪೇರಿ ಮಾಡಿದರೂ ಅದರಾಚೆಯ ಓಣಿಯೇ ಕಟ್ಟಿಹೋಗಿತ್ತಲ್ಲ! 1998ರಲ್ಲಿ ದೊಡ್ಡವ್ವ ತೀರಿಕೊಂಡಳು.

ಅದರಿಂದಲೇ ಹೇಳುತ್ತೇನೆ: ಸೋರಿಕೆ ಒಂದೇ ಥರ ಕಂಡರೂ ಬೇರು ಬೇರೆ ಇರುತ್ತದೆ. ಹುಟ್ಟಿನಿಂದಲೇ ಹೃದಯದ ಗೋಡೆಯಲ್ಲಿ ತೂತಿದ್ದರೆ, ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿದ್ದರೆ, ಶ್ವಾಸಕೋಶದ ನಾಳಗಳಿಗೇ ರೋಗ ಬಂದಿದ್ದರೆ ಕೂಡ ಒತ್ತಡ ಏರಬಹುದು. ಈ ಕೊನೆಯದು ಹೆಂಗಸರಲ್ಲೇ ಹೆಚ್ಚು. ಒಬ್ಬರ ಔಷಧ ಇನ್ನೊಬ್ಬರಿಗೆ ನಡೆಯುವುದಿಲ್ಲ. "ನಮ್ಮ ಓಣಿಯವರಿಗೆ ಈ ಗುಳಿಗಿ ಹತ್ತೇತಿ" ಎಂದು ತಂದು ನುಂಗಬೇಡಿ.

ನಮ್ಮ ಒಲೆಯ ಹೊಗೆಯನ್ನು ಲೆಕ್ಕಕ್ಕೆ ತಂದವರು ಒಬ್ಬ ಹೆಣ್ಣುಮಗಳು ಎಂಬುದು ನಿಮಗೆ ಗೊತ್ತೆ? ಡಾ. ಪದ್ಮಾವತಿ, ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆ. 1917ರಲ್ಲಿ ಬರ್ಮಾದಲ್ಲಿ ಹುಟ್ಟಿದವರು. 1950ರ ದಶಕದಲ್ಲಿ ದಿಲ್ಲಿಯ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ರೋಗದಿಂದ ಹೃದಯದ ಬಲಭಾಗ ಸೋತ ರೋಗಿಗಳನ್ನು ನೋಡುವಾಗ, ಬೀಡಿ ಸಿಗರೇಟು ಮುಟ್ಟದ ಹೆಂಗಸರೂ ಇಷ್ಟೊಂದು ಮಂದಿ ಯಾಕೆ ಎಂದು ಕೇಳಿದವರು ಅವರು. ಅಡುಗೆಮನೆಯ ಹೊಗೆಯ ಕಡೆಗೆ ಬೆರಳು ತೋರಿಸಿದರು. 127 ರೋಗಿಗಳ ಅಧ್ಯಯನವನ್ನು 1959ರಲ್ಲಿ ಪ್ರಕಟಿಸಿದರು. 103 ವರ್ಷ ಬಾಳಿ 2020ರಲ್ಲಿ ತೀರಿಕೊಂಡರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರದವರು 1980ರ ದಶಕದಲ್ಲಿ ಹೊಗೆ ಕೊಳವೆ ಇರುವ ಅಸ್ತ್ರ ಒಲೆ ಮಾಡಿದರು. 2016ರಲ್ಲಿ ಉಜ್ವಲಾ ಯೋಜನೆ ಬಂದು ಹಳ್ಳಿಗಳಿಗೂ ಗ್ಯಾಸ್ ಬಂತು. ಆದರೂ ಸಿಲಿಂಡರಿನ ಬೆಲೆಗೆ ಅಂಜಿ ಅದನ್ನು ಚಹಾಕ್ಕೆ ಮಾತ್ರ ಇಟ್ಟುಕೊಂಡು, ರೊಟ್ಟಿಗೂ ಬಚ್ಚಲ ನೀರಿಗೂ ಕಟ್ಟಿಗೆ ಉರಿಸುವ ಮನೆಗಳು ನನಗೆ ಗೊತ್ತು. ಉರಿಸಲೇಬೇಕಾದರೆ ಒಣ ಕಟ್ಟಿಗೆ ಉರಿಸಿ, ಕಿಟಕಿ ಬೆಳಕಿಂಡಿ ತೆರೆದಿಡಿ, ಕಂಕುಳ ಕೂಸನ್ನು ಒಲೆಯ ಹತ್ತಿರ ಕರೆದೊಯ್ಯಬೇಡಿ.

ಗಂಟಲು ನೋವಿನಿಂದ ಎದೆಯವರೆಗೆ

ಅಕ್ಕನ ಕದ ಕೆಟ್ಟದ್ದು ಯಾವಾಗ? ಡಾಕ್ಟರರು ಇದನ್ನು ಕೇಳಿದಾಗ ಅವ್ವನಿಗೆ ನೆನಪಾಯಿತು. ಹತ್ತನೆಯ ವರ್ಷಕ್ಕೆ ಅಕ್ಕನಿಗೆ ಜ್ವರ ಬಂದು ಮೊಣಕಾಲು ಬಾತಿತ್ತು. ಅದು ಇಳಿಯುವಷ್ಟರಲ್ಲಿ ಹಿಮ್ಮಡಿಯ ಕೀಲು, ಆಮೇಲೆ ಮುಂಗೈ. ತಿಂಗಳು ಸಾಲೆ ಬಿಟ್ಟಿದ್ದಳು. ವಾಯು ಎಂದು ಎಣ್ಣೆ ತಿಕ್ಕಿದರು, ಗುಣವಾಯಿತು. ಕೀಲು ಗುಣವಾಯಿತು, ಕದ ಗುಣವಾಗಲಿಲ್ಲ. ಅದಕ್ಕೆ ರುಮ್ಯಾಟಿಕ್ ಜ್ವರ ಎನ್ನುತ್ತಾರೆ. ಒಂದು ಜಾತಿಯ ಕ್ರಿಮಿಯಿಂದ ಗಂಟಲು ನೋವು ಬಂದು ಹೋದ ಎರಡು ಮೂರು ವಾರದ ಮೇಲೆ, ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುತ್ತದೆ. ಕ್ರಿಮಿಯೊಡನೆ ಹೋರಾಡಬೇಕಾದ ಮೈಯ ಶಕ್ತಿ ತಪ್ಪಿ ತನ್ನದೇ ಹೃದಯದ ಕದವನ್ನು ತಿನ್ನುತ್ತದೆ. ರೋಗ ಹೊರಗೆ ಕಾಣುವುದು ಹತ್ತು, ಇಪ್ಪತ್ತು, ಮೂವತ್ತು ವರ್ಷದ ಮೇಲೆ.

2021ರಲ್ಲಿ ಶಿಗ್ಗಾಂವಿಯ ತಂಗಿಯ ಮಗಳಿಗೆ ಹನ್ನೊಂದು ವರ್ಷ. ಗಂಟಲು ನೋವು, ಆಮೇಲೆ ಕೀಲು ಬಾವು. ಅಕ್ಕನ ಪಾಡು ಕಂಡಿದ್ದ ತಂಗಿ ಎಣ್ಣೆ ತಿಕ್ಕುತ್ತ ಕೂಡಲಿಲ್ಲ, ಆ ವಾರವೇ ಎಕೋ ಮಾಡಿಸಿದಳು. ಮೈಟ್ರಲ್ ಕದದಲ್ಲಿ ಸಣ್ಣ ಸೋರಿಕೆ ಸಿಕ್ಕಿತು. ಅಂದಿನಿಂದ 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ. ಮತ್ತೆ ಆ ಜ್ವರ ಬಾರದಂತೆ ಕಾಯುವ ಸೂಜಿ ಅದು, ಬಂದ ಸಲವೆಲ್ಲ ಕದ ಇನ್ನಷ್ಟು ಕೆಡುತ್ತದೆ.

ಎರಡು ವರ್ಷವಾದ ಮೇಲೆ ಹುಡುಗಿ ಹಟ ಹಿಡಿದಳು. ಸೂಜಿ ಬಹಳ ನೋಯುತ್ತದೆ, ಮರುದಿನ ಸಾಲೆಯಲ್ಲಿ ಕೂಡಲಾಗುವುದಿಲ್ಲ. ಅವಳಪ್ಪನೂ "ಆರಾಮ ಆಡ್ಕೋಂತ ಅದಾಳ, ಸುಮ್ಮನ ಯಾಕ ಚುಚ್ಚಸೋದು?" ಎಂದರು. ಸುದ್ದಿ ಕೇಳಿ ಅಕ್ಕ ಹಿರೇಕೆರೂರಿನಿಂದ ಬಂದಳು. ಏನೂ ಉಪದೇಶ ಮಾಡಲಿಲ್ಲ. ಹುಡುಗಿಯನ್ನು ಒಳಗೆ ಕರೆದು ಕುಪ್ಪಸದ ಎರಡು ಗುಂಡಿ ಬಿಚ್ಚಿ ಎದೆಯ ನಡುವಿನ ಉದ್ದದ ಗಾಯದ ಗೆರೆ ತೋರಿಸಿದಳು. ಅವಳ ತಲೆಯನ್ನು ಎದೆಗೆ ಒರಗಿಸಿಕೊಂಡು "ಕೇಳು" ಎಂದಳು. ಕೃತಕ ಕದ ಗಡಿಯಾರದ ಹಾಗೆ ಟಕ್ ಟಕ್ ಎನ್ನುತ್ತಿತ್ತು. "ನಿನಗ ಇದು ಬ್ಯಾಡವಾ. ಸೂಜಿ ನೋವು ಒಂದ ದಿನದ್ದು." ಹುಡುಗಿ ಆಮೇಲೆ ಒಂದು ಸೂಜಿಯನ್ನೂ ತಪ್ಪಿಸಿಲ್ಲ. ಹೋದ ಸಲದ ಎಕೋದಲ್ಲಿ ಸೋರಿಕೆ ಬೆಳೆದಿಲ್ಲ, ಶ್ವಾಸಕೋಶದ ಒತ್ತಡವೂ ಏರಿಲ್ಲ. ಈ ಸೂಜಿಯನ್ನು ಎಷ್ಟು ವರ್ಷ ತೆಗೆದುಕೊಳ್ಳಬೇಕೆಂದು ಡಾಕ್ಟರರೇ ಹೇಳಬೇಕು. ಕದಕ್ಕೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ 40ರ ವಯಸ್ಸಿನವರೆಗೂ ಬೇಕಾಗುತ್ತದೆ. ಕೆಲವರ ಮೈಗೆ ಈ ಔಷಧ ಒಗ್ಗುವುದಿಲ್ಲ, ಆದ್ದರಿಂದ ಆಸ್ಪತ್ರೆಯಲ್ಲೇ ತೆಗೆದುಕೊಳ್ಳಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬಸುರಿನಲ್ಲಿ ಮೈಯ ರಕ್ತ ಸುಮಾರು 40ರಿಂದ 50 ಪಾಲು ಹೆಚ್ಚುತ್ತದೆ. ಅದುವರೆಗೆ ಸುಮ್ಮನಿದ್ದ ಕೆಟ್ಟ ಕದ ಐದು ಆರನೆಯ ತಿಂಗಳಿಗೆ ಬಯಲಾಗುತ್ತದೆ. ಶ್ವಾಸಕೋಶದ ಒತ್ತಡ ಬಹಳ ಏರಿದವರಿಗೆ ಬಸುರು, ಹೆರಿಗೆ ಪ್ರಾಣಕ್ಕೇ ಸಂಚಕಾರ. ಮೊದಲೇ ಗೊತ್ತಿದ್ದರೆ ಬಸುರಿಗೆ ಮುನ್ನವೇ ಚಿಕಿತ್ಸೆ ಮಾಡಿಸಬಹುದು. ಮದುವೆ ಮಾತುಕತೆಯಲ್ಲಿ ಮಗಳ ರೋಗ ಮುಚ್ಚಿಡುವ ತಾಯಂದಿರನ್ನು ಕಂಡಿದ್ದೇನೆ. ಮುಚ್ಚಿಟ್ಟರೆ ಅಪಾಯ ಮಗಳಿಗೇ.

ಅಡುಗೆಮನೆಯ ಮಾತು

ಇಂಥ ರೋಗಿ ಮನೆಯಲ್ಲಿದ್ದರೆ ಉಪ್ಪಿನ ಮೇಲೆ ಕಣ್ಣಿಡಿ. ಉಪ್ಪು ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಚೂಡಾ ಇವೆಲ್ಲ ಉಪ್ಪಿನ ಗಂಟುಗಳೇ. ನಮ್ಮ ಸವಣೂರ ಖಾರವೂ ಅದೇ ಸಾಲಿನದು, ಊರಿನ ಅಭಿಮಾನ ಬದಿಗಿಟ್ಟು ಹೇಳುತ್ತಿದ್ದೇನೆ! ಅಕ್ಕನ ಸಲುವಾಗಿ ನಾವು ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕುವುದಿಲ್ಲ. ಬದನೆಕಾಯಿ ಪಲ್ಲೆಗೆ ಹುರಿದ ಶೇಂಗಾ, ಎಳ್ಳು, ಬೆಳ್ಳುಳ್ಳಿ ಕುಟ್ಟಿ ಹಾಕಿ, ಇಳಿಸುವಾಗ ನಿಂಬೆಹುಳಿ ಹಿಂಡಿದರೆ ಅರ್ಧ ಉಪ್ಪಿನಲ್ಲೇ ರುಚಿ ಬರುತ್ತದೆ.

ಲೋಹದ ಕದ ಇರುವವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಥರದ ಮಾತ್ರೆ ನುಂಗಬೇಕು, ಆಗಾಗ ಪಿ.ಟಿ.-ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಪಾಲಕ, ಮೆಂತ್ಯ, ರಾಜಗಿರಿಯಂಥ ಹಸಿರು ಪಲ್ಲೆ ಆ ಮಾತ್ರೆಯ ಜೋರು ತಗ್ಗಿಸುತ್ತದೆ. ಹಾಗೆಂದು ಪಲ್ಲೆ ಬಿಡಬೇಕಿಲ್ಲ. ದಿನಾ ಒಂದೇ ಹದದಲ್ಲಿ ತಿನ್ನಬೇಕು. ಒಂದು ವಾರ ಮುಟ್ಟದೆ ಇನ್ನೊಂದು ವಾರ ಕಟ್ಟುಗಟ್ಟಲೆ ತಿನ್ನುವುದು ಬೇಡ. ಡಾಕ್ಟರರನ್ನು ಕೇಳದೆ ನೋವಿನ ಗುಳಿಗೆಯೂ ಬೇಡ, ನಾಟಿ ಕಷಾಯವೂ ಬೇಡ.

ನೆನಪಿಟ್ಟುಕೊಳ್ಳಿ

* ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ದಮ್ಮು ಹತ್ತುತ್ತದೆಯೆ? ಎರಡು ದಿಂಬು ಬೇಕಾಗುತ್ತಿದೆಯೆ? ಸಂಜೆಗೆ ಕಾಲು ಒತ್ತಿದರೆ ಕುಳಿ ಬೀಳುತ್ತದೆಯೆ? ತೋರಿಸಿ. ಬಾವು ಮೂತ್ರಪಿಂಡದಿಂದಲೂ, ರಕ್ತ ಕಡಿಮೆಯಾಗಿಯೂ, ಥೈರಾಯ್ಡಿನಿಂದಲೂ ಬರುತ್ತದೆ. ಯಾವುದರಿಂದ ಎಂಬುದನ್ನು ಡಾಕ್ಟರರು ಹೇಳಲಿ.
* "ಬಿ.ಪಿ. ನಾರ್ಮಲ್" ಎಂದರೂ ದಮ್ಮು ನಿಲ್ಲದಿದ್ದರೆ, "ಎದಿ ಸಪ್ಪಳ ಕೇಳಿ ನೋಡ್ರಿ, ಎಕೋ ಬೇಕಾಗತೈತೇನ್ರಿ?" ಎಂದು ಸಂಕೋಚವಿಲ್ಲದೆ ಕೇಳಿ.
* ಮಕ್ಕಳಿಗೆ ಗಂಟಲು ನೋವಿನ ಬೆನ್ನಿಗೆ ಕೀಲುನೋವು ಬಂದರೆ ಎಣ್ಣೆ ತಿಕ್ಕುತ್ತ ಕಾಯಬೇಡಿ.
* ಬಿ.ಪಿ.ಎಲ್. ಕಾರ್ಡು ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸಿ. ಹೃದಯದ ರೋಗಕ್ಕೆಂದೇ ಬೆಂಗಳೂರಿನಲ್ಲಿ 1972ರಲ್ಲಿ ಶುರುವಾದ ಸರಕಾರದ ಜಯದೇವ ಸಂಸ್ಥೆ ಇದೆ, ಮೈಸೂರು, ಕಲಬುರಗಿಯಲ್ಲೂ ಅದರ ಆಸ್ಪತ್ರೆಗಳಿವೆ.

ಕೊನೆಗೆ ಒಂದು ಮಾತು. ಅಕ್ಕನಿಗೆ ಡಾಕ್ಟರರು ಹೇಳಿದ ಆ "ಎರಡು ವರ್ಷ ಮೊದಲ" ಎಂಬುದು ನಮ್ಮ ಹೆಂಗಸರ ಬದುಕಿನಲ್ಲಿ ಎಲ್ಲಿ ಹೋಗುತ್ತದೆ ಎಂದು ಬಹಳ ಸಲ ಯೋಚಿಸಿದ್ದೇನೆ. ಸುಗ್ಗಿ ಮುಗೀಲಿ, ಹಬ್ಬ ಮುಗೀಲಿ, ಮಕ್ಕಳ ಪರೀಕ್ಷೆ ಮುಗೀಲಿ ಎನ್ನುವುದರಲ್ಲೇ ಹೋಗುತ್ತದೆ. ಸುಗ್ಗಿ ಮುಂದಿನ ವರ್ಷವೂ ಬರುತ್ತದೆ, ಹಬ್ಬವೂ ಬರುತ್ತದೆ. ಗಟ್ಟಿಯಾದ ನಾಳ ಮಾತ್ರ ಮತ್ತೆ ಮೆತ್ತಗಾಗುವುದು ಕಷ್ಟ. ನಿಮ್ಮ ಅತ್ತೆಯ ಕಾಲು, ನಿಮ್ಮ ಅವ್ವನ ಕಾಲು, ನಿಮ್ಮದೇ ಕಾಲು ಇವತ್ತು ಸಂಜೆ ಒಮ್ಮೆ ಬೆರಳಿನಿಂದ ಒತ್ತಿ ನೋಡಿ.